ಮಂದ್ರನಾದದ ಪೆಟ್ಟಿಗೆ: ಶಾಸ್ತ್ರ ಮತ್ತು ನಿರ್ಮಾಣ

ನಾದಕ್ಕೆ ಮಂದ್ರ, ಮಧ್ಯ, ತಾರ ಎಂಬ ಮೂರು ಸ್ಥಾನಗಳುಂಟೆಂದು ನಮ್ಮ ಸಂಗೀತಶಾಸ್ತ್ರಕಾರರು ಹೇಳಿದ್ದಾರೆ. ಹದಿಮೂರನೆಯ ಶತಮಾನದ ಶಾರ್ಙ್ಗದೇವನು ‘ಸಂಗೀತರತ್ನಾಕರ’ದಲ್ಲಿ ಮಂದ್ರಕ್ಕೆ ಹೃದಯವನ್ನೂ ಮಧ್ಯಕ್ಕೆ ಕಂಠವನ್ನೂ ತಾರಕ್ಕೆ ಶಿರಸ್ಸನ್ನೂ ನೆಲೆಯಾಗಿ ಸೂಚಿಸಿದ್ದಾನೆ. ಅದೇ ಶತಮಾನದ ಕನ್ನಡ ವೈಯಾಕರಣ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಶಬ್ದದ ಹುಟ್ಟನ್ನು ವಿವರಿಸುವಾಗ ನಾಭಿಮೂಲವನ್ನೂ ಅನುಕೂಲವಾದ ವಾಯುವನ್ನೂ ಕಹಳೆಯ ರೀತಿಯನ್ನೂ ಸ್ಮರಿಸುತ್ತಾನೆ. ಇಬ್ಬರ ಮಾತಿನಲ್ಲಿಯೂ ಅಡಗಿರುವ ತಥ್ಯ ಒಂದೇ: ನಾದಕ್ಕೆ ಗಾಳಿ ಬೇಕು, ಗಾಳಿಗೆ ಒಂದು ಪಾತ್ರೆ ಬೇಕು. ಆ ಪಾತ್ರೆ ತಕ್ಕ ಅಳತೆಯದಾಗಿದ್ದರೆ ನಾದ ಶೋಭಿಸುತ್ತದೆ. ಅಳತೆ ತಪ್ಪಿದರೆ ಗದ್ದಲವಾಗುತ್ತದೆ.

ಇಂದು ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳಂಥ ಊರುಗಳ ಜಾತ್ರೆ, ಗಣೇಶೋತ್ಸವ, ಶಾಲಾ ವಾರ್ಷಿಕೋತ್ಸವಗಳಲ್ಲಿ ವಾದ್ಯಗೋಷ್ಠಿಯೆಂದರೆ ಬೇಸ್ ಗಿಟಾರಿನ ಗಂಭೀರ ಧ್ವನಿಯೂ ಅದರೊಡನೆ ಬರುತ್ತದೆ. 1951ರಲ್ಲಿ ಅಮೆರಿಕದ ಲಿಯೋ ಫೆಂಡರ್ ಮಾರುಕಟ್ಟೆಗೆ ತಂದ ವಿದ್ಯುತ್ ಬೇಸ್ ಗಿಟಾರಿನ ಒಡಲು ಗಟ್ಟಿ ಮರದ ಹಲಗೆ. ಅದಕ್ಕೆ ವೀಣೆಗಿರುವಂಥ ಕೊಡವಿಲ್ಲ. ವೀಣೆಯ ಕೊಡ ವೀಣೆಯಲ್ಲಿಯೇ ಸೇರಿದೆ. ಈ ವಾದ್ಯದ ಕೊಡವೋ ಪ್ರತ್ಯೇಕವಾಗಿ ವೇದಿಕೆಯ ಮೂಲೆಯಲ್ಲಿ ನಿಂತಿರುತ್ತದೆ. ಸ್ಪೀಕರ್ ಪೆಟ್ಟಿಗೆಯೆಂದು ಜನ ಕರೆಯುವುದು ಅದನ್ನೇ. ಬಡಗಿಯ ಕೆಲಸ ಬಲ್ಲವನು ಮನೆಯಲ್ಲಿಯೇ ಇದನ್ನು ಮಾಡಬಹುದು; ಆದರೆ ಕೈಗೆ ಉಳಿ ಹಿಡಿಯುವ ಮೊದಲು ಲೆಕ್ಕ ಹಿಡಿಯಬೇಕು.

ಪೆಟ್ಟಿಗೆ ಏಕೆ ಬೇಕು?

ನಾಲ್ಕು ತಂತಿಯ ಬೇಸ್ ಗಿಟಾರಿನ ಅತ್ಯಂತ ತಗ್ಗಿನ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಒಂದನೆಯ ಮನೆಯ ಶ್ರುತಿಯಲ್ಲಿ ಹಾಡುವ ಗಾಯಕನ ಆಧಾರಷಡ್ಜವು ಸುಮಾರು 131 ಕಂಪನಗಳದು. ಅವನ ಮಂದ್ರಷಡ್ಜ 65, ಅನುಮಂದ್ರಷಡ್ಜ ಸುಮಾರು 33. ಹಾಗಾದರೆ ಈ ತಂತಿಯ ಧ್ವನಿ ಅನುಮಂದ್ರಸ್ಥಾಯಿಯ ಅಂತರಗಾಂಧಾರವೆಂದಾಯಿತು. ಮನುಷ್ಯಕಂಠ ಸಾಮಾನ್ಯವಾಗಿ ಮುಟ್ಟಲಾಗದ ತಗ್ಗು ಅದು. ಆ ನಾದತರಂಗದ ಉದ್ದ ಎಂಟು ಮೀಟರಿಗೂ ಮಿಗಿಲು.

ಸ್ಪೀಕರಿನ ಕಾಗದದ ಪೊರೆ ಮುಂದೆ ಚಲಿಸಿದಾಗ ಮುಂದಿನ ಗಾಳಿ ಒತ್ತಲ್ಪಡುತ್ತದೆ. ಅದೇ ಕ್ಷಣದಲ್ಲಿ ಹಿಂದಿನ ಗಾಳಿ ಸಡಿಲಗೊಳ್ಳುತ್ತದೆ. ಪೆಟ್ಟಿಗೆಯಿಲ್ಲದಿದ್ದರೆ ಮುಂದಿನ ಒತ್ತಡ ಸುತ್ತಿ ಬಂದು ಹಿಂದಿನ ಸಡಿಲವನ್ನು ತುಂಬಿಬಿಡುತ್ತದೆ. ತರಂಗ ಬಹು ಉದ್ದವಾದಷ್ಟೂ ಈ ನಷ್ಟ ಹೆಚ್ಚು. ಆದ್ದರಿಂದಲೇ ಬರಿಯ ಸ್ಪೀಕರಿನಲ್ಲಿ ಮಾತು ಕೇಳಿಸುತ್ತದೆ, ಮಂದ್ರ ಕೇಳಿಸುವುದಿಲ್ಲ. ಮುಂದಿನ ಗಾಳಿಯನ್ನೂ ಹಿಂದಿನ ಗಾಳಿಯನ್ನೂ ಬೇರ್ಪಡಿಸುವುದೇ ಪೆಟ್ಟಿಗೆಯ ಮೊದಲ ಧರ್ಮ.

ಮೂರು ಬಗೆಗಳು

ಮೊದಲನೆಯದು ಪೂರ್ಣವಾಗಿ ಮುಚ್ಚಿದ ಪೆಟ್ಟಿಗೆ. ಒಳಗಿನ ಗಾಳಿ ಸ್ಪ್ರಿಂಗಿನಂತೆ ಪೊರೆಯನ್ನು ಹಿಡಿದಿಡುತ್ತದೆ. ನಾದ ಬಿಗಿಯಾಗಿರುತ್ತದೆ, ಆದರೆ ತೀರ ತಗ್ಗಿನಲ್ಲಿ ಬಲ ಕಡಿಮೆ.

ಎರಡನೆಯದು ನಾಳವಿರುವ ಪೆಟ್ಟಿಗೆ. ಇದರ ತತ್ತ್ವವನ್ನು ಅರಿಯಲು ಘಟವಾದ್ಯವನ್ನು ನೋಡಿದರೆ ಸಾಕು. ಘಟದ ಬಾಯನ್ನು ಹೊಟ್ಟೆಗೆ ಒತ್ತಿ, ಬಿಟ್ಟು ನುಡಿಸಿದಾಗ ಮಂದ್ರಧ್ವನಿ ಬದಲಾಗುತ್ತದೆ. ಒಡಲಿನ ಗಾಳಿ ಸ್ಪ್ರಿಂಗು, ಕಂಠದ ಗಾಳಿ ತೂಕ. ಇವೆರಡೂ ಸೇರಿ ಒಂದು ನಿಯತ ಶ್ರುತಿಯಲ್ಲಿ ತೂಗಾಡುತ್ತವೆ. ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಇಂಥ ಪಾತ್ರೆಗಳ ಅನುರಣನವನ್ನು ಶಾಸ್ತ್ರೀಯವಾಗಿ ವಿವರಿಸಿದನು. ಸ್ಪೀಕರ್ ಪೆಟ್ಟಿಗೆಗೆ ಒಂದು ಕೊಳವೆಯನ್ನಿಟ್ಟರೆ ಅದೂ ಘಟವೇ. ಪೊರೆಯ ಹಿಂಭಾಗದ ಶಕ್ತಿ ವ್ಯರ್ಥವಾಗದೆ ನಾಳದ ಮೂಲಕ ಹೊರಬಂದು ಮಂದ್ರಕ್ಕೆ ನೆರವಾಗುತ್ತದೆ.

ಮೂರನೆಯದು ಕಹಳೆಯ ರೀತಿ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಟಿಬೆಟ್ಟಿನ ನಿರಾಶ್ರಿತರು ನೆಲೆಸಿದ ಮೇಲೆ, ಅಲ್ಲಿನ ಬೌದ್ಧವಿಹಾರಗಳ ನೀಳವಾದ ಕಹಳೆಗಳ ಘನಗಂಭೀರ ಧ್ವನಿ ಈ ನಾಡಿಗೂ ಪರಿಚಿತವಾಗಿದೆ. ಆ ಕಹಳೆಗಳು ಅಷ್ಟು ಉದ್ದವಾಗಿರುವುದು ಅಲಂಕಾರಕ್ಕಾಗಿ ಅಲ್ಲ. ತಗ್ಗಿನ ನಾದಕ್ಕೆ ಉದ್ದವಾದ ಗಾಳಿಯ ಕಂಬ ಬೇಕು. 41 ಕಂಪನಗಳ ತರಂಗದ ಕಾಲುಭಾಗವೇ ಎರಡು ಮೀಟರಾಗುವುದರಿಂದ, ಕಹಳೆಯ ರೀತಿಯ ಪೆಟ್ಟಿಗೆ ಮನೆಯ ನಿರ್ಮಾಣಕ್ಕೆ ಸುಲಭವಲ್ಲ. ಎರಡನೆಯ ಬಗೆಯೇ ಮಧ್ಯಮಮಾರ್ಗ.

ಮರದ ಆಯ್ಕೆ

ಇಲ್ಲಿ ವಾದ್ಯದ ಮರಕ್ಕೂ ಪೆಟ್ಟಿಗೆಯ ಮರಕ್ಕೂ ಇರುವ ಭೇದವನ್ನು ಮನಗಾಣಬೇಕು. ವೀಣೆಗೂ ಮೃದಂಗಕ್ಕೂ ಹಲಸಿನ ಮರವನ್ನು ಆರಿಸುವುದು ಅದು ನಾದಕ್ಕೆ ಸ್ಪಂದಿಸುವುದರಿಂದ. ಪೆಟ್ಟಿಗೆಯ ಮರವಾದರೋ ಮೌನವಾಗಿರಬೇಕು. ಪೊರೆಯೂ ನಾಳದ ಗಾಳಿಯೂ ಮಾತ್ರ ನುಡಿಯಬೇಕು. ಹಲಗೆ ತಾನೂ ನುಡಿಯತೊಡಗಿದರೆ ಗಿಟಾರಿನ ಸ್ವರಕ್ಕೆ ಹಲಗೆಯ ಸ್ವರ ಬೆರೆತು ಕಲುಷಿತವಾಗುತ್ತದೆ.

ಹೆಗ್ಗಡದೇವನಕೋಟೆಯ ಕಾಕನಕೋಟೆ ಅರಣ್ಯದ ಸೆರಗಿನಲ್ಲಿರುವ ಈ ಸೀಮೆಯವರಿಗೆ ತೇಗ, ಬೀಟೆ, ಹೊನ್ನೆ, ಮತ್ತಿಗಳ ಹೆಸರು ಹೊಸದಲ್ಲ. ಆದರೆ ಈ ಕೆಲಸಕ್ಕೆ ಬೀಟೆಯನ್ನು ಬಯಸುವುದು ಅನಾವಶ್ಯಕ. ಅದು ರಕ್ಷಿತ ವೃಕ್ಷ. ಬೀಟೆಯ ಕುಲವೆಲ್ಲ 2017ರಿಂದ ಅಂತರರಾಷ್ಟ್ರೀಯ ವ್ಯಾಪಾರನಿಯಂತ್ರಣಕ್ಕೂ ಒಳಪಟ್ಟಿದೆ. ಅಗಲವಾದ ಇಡೀ ಮರದ ಹಲಗೆ ಮಳೆಗಾಲದಲ್ಲಿ ಹಿಗ್ಗಿ ಬೇಸಿಗೆಯಲ್ಲಿ ಕುಗ್ಗುತ್ತದೆ. ಮೂಲೆ ಬಿರಿದು ಗಾಳಿ ಸೋರುತ್ತದೆ. ಪದರಗಳನ್ನು ಅಡ್ಡ-ಉದ್ದವಾಗಿ ಅಂಟಿಸಿದ 18 ಮಿಲಿಮೀಟರ್ ದಪ್ಪದ, ನೀರಿಗೆ ತಾಳುವ ಪ್ಲೈವುಡ್ಡೇ ಉತ್ತಮ. ಮರದ ವ್ಯಾಪಾರಕ್ಕೂ ಪ್ಲೈವುಡ್ಡಿಗೂ ಹೆಸರಾದ ಹುಣಸೂರಿನ ನೆರೆಯಲ್ಲಿ ಇದಕ್ಕಾಗಿ ದೂರ ಹೋಗಬೇಕಾಗಿಲ್ಲ.

ಅಳತೆಯ ಲೆಕ್ಕ

ಸ್ಪೀಕರನ್ನು ಕೊಂಡ ಮೇಲೆ ಪೆಟ್ಟಿಗೆಯ ಲೆಕ್ಕವೇ ಹೊರತು ಪೆಟ್ಟಿಗೆಯಾದ ಮೇಲೆ ಸ್ಪೀಕರಲ್ಲ. ಆಸ್ಟ್ರೇಲಿಯದ ನೆವಿಲ್ ಥೀಲ್ 1961ರಲ್ಲಿಯೂ ಅವನ ಬಳಿಕ ರಿಚರ್ಡ್ ಸ್ಮಾಲ್ 1970ರ ದಶಕದಲ್ಲಿಯೂ ಸ್ಪೀಕರಿನ ಗುಣಗಳಿಂದ ಪೆಟ್ಟಿಗೆಯ ಗಾತ್ರವನ್ನು ಗುಣಿಸುವ ಕ್ರಮವನ್ನು ನೆಲೆಗೊಳಿಸಿದರು. ತಯಾರಕರು ಒದಗಿಸುವ ಆ ಅಂಕಿಗಳನ್ನು ಬಿಟ್ಟು ಕಣ್ಣಂದಾಜಿನಲ್ಲಿ ಪೆಟ್ಟಿಗೆ ಮಾಡುವುದು ಛಂದಸ್ಸನ್ನು ಬಿಟ್ಟು ಕಂದಪದ್ಯ ಬರೆದಂತೆ.

ಉದಾಹರಣೆಗಾಗಿ, 75 ಲೀಟರಿನ ಒಡಲೂ 45 ಕಂಪನಗಳ ಶ್ರುತಿಯೂ ಒಪ್ಪುವ 12 ಅಂಗುಲದ ಸ್ಪೀಕರೊಂದನ್ನು ಭಾವಿಸೋಣ. ಒಳಗಿನ ಎತ್ತರ 60, ಅಗಲ 40, ಆಳ 35 ಸೆಂಟಿಮೀಟರ್ ಇಟ್ಟರೆ ಒಟ್ಟು 84 ಲೀಟರ್. ಸ್ಪೀಕರಿನ ಬೆನ್ನು, ಒಳಗಿನ ಅಡ್ಡಪಟ್ಟಿ, ನಾಳಗಳು ಸೇರಿ ಸುಮಾರು 9 ಲೀಟರ್ ಕಳೆಯುತ್ತವೆ, ಉಳಿಯುವುದು 75. ಒಳವ್ಯಾಸ 10 ಸೆಂಟಿಮೀಟರಿನ ಎರಡು ಪಿ.ವಿ.ಸಿ. ಕೊಳವೆಗಳನ್ನು ಸುಮಾರು 24 ಸೆಂಟಿಮೀಟರ್ ಉದ್ದವಾಗಿ ಇಟ್ಟರೆ 45ರ ಶ್ರುತಿ ದೊರೆಯುತ್ತದೆ. ಒಂದೇ ಕೊಳವೆಯಾದರೆ ಸುಮಾರು 8 ಸೆಂಟಿಮೀಟರ್ ಉದ್ದ ಸಾಕು; ಆದರೆ ಜೋರಾಗಿ ನುಡಿಸಿದಾಗ ಕಿರಿದಾದ ಬಾಯಲ್ಲಿ ಗಾಳಿ ಬುಸುಗುಟ್ಟುತ್ತದೆ.

ಮೇಲು-ಕೆಳಗಿನ ಹಲಗೆಗಳು 43.6 × 38.6 ಸೆಂಟಿಮೀಟರ್, ಎಡಬಲದವು 60 × 38.6, ಮುಂದು-ಹಿಂದಿನವು 60 × 40, ಪ್ರತಿಯೊಂದೂ ಎರಡೆರಡು. ಎಂಟಡಿ-ನಾಲ್ಕಡಿಯ ಒಂದು ಹಾಳೆಯ ಅರ್ಧದಷ್ಟೂ ಇದಕ್ಕೆ ಬೇಡ. ಉಳಿದದ್ದರಲ್ಲಿ ಅಡ್ಡಪಟ್ಟಿಗಳಾಗುತ್ತವೆ.

ಜೋಡಣೆ ಮತ್ತು ಪರೀಕ್ಷೆ

ಅಂಚುಗಳಿಗೆ ಅಂಟು ಬಳಿದು ತಿರುಪುಮೊಳೆ ಬಿಗಿಯಬೇಕು. ಅಂಟೇ ಆಧಾರ, ಮೊಳೆ ಅಂಟು ಒಣಗುವವರೆಗಿನ ಸಹಾಯಕ. ಎದುರುಬದುರಿನ ಹಲಗೆಗಳ ನಡುವೆ ಅಡ್ಡಪಟ್ಟಿ ಕೊಟ್ಟರೆ ಹಲಗೆಯ ಕಂಪನ ಅಡಗುತ್ತದೆ. ಸ್ಪೀಕರಿನ ಅಂಚಿಗೆ ಮೆತ್ತನೆಯ ಪಟ್ಟಿಯಿಟ್ಟು ಗಾಳಿ ಸೋರದಂತೆ ಕೂರಿಸಬೇಕು. ಸ್ಪೀಕರಿನ ವಿದ್ಯುದ್ರೋಧ 4 ಓಮೋ 8 ಓಮೋ ನೋಡಿ, ವರ್ಧಕಯಂತ್ರಕ್ಕೆ ಅದು ಸಲ್ಲುವುದೇ ಎಂದು ಖಚಿತಪಡಿಸಿಕೊಳ್ಳಬೇಕು. ಈ ಉಪೇಕ್ಷೆಯಿಂದ ಯಂತ್ರವೇ ಸುಟ್ಟುಹೋಗಬಹುದು.

ಕೊಳವೆಯನ್ನು ಮೊದಲು ತುಸು ಉದ್ದವಾಗಿಯೇ ಕತ್ತರಿಸುವುದು ಜಾಣತನ. ಉದ್ದ ತಗ್ಗಿಸಿದಂತೆ ಶ್ರುತಿ ಏರುತ್ತದೆ. ಕತ್ತರಿಸಿದ್ದನ್ನು ಮರಳಿ ಬೆಳೆಸಲಾಗದು. ಪರೀಕ್ಷೆಯೂ ಸರಳ. ಒಂದೊಂದೇ ತಗ್ಗಿನ ಸ್ವರವನ್ನು ಮೆಲ್ಲಗೆ ಹರಿಸುತ್ತ ಬಂದರೆ, ಯಾವ ಸ್ವರದಲ್ಲಿ ಪೊರೆ ಹೆಚ್ಚುಕಡಿಮೆ ನಿಶ್ಚಲವಾಗಿ ನಾಳದ ಗಾಳಿ ಬಲವಾಗುವುದೋ ಅದೇ ಪೆಟ್ಟಿಗೆಯ ಶ್ರುತಿ. ಅದಕ್ಕಿಂತ ಬಹಳ ಕೆಳಗಿನ ಸ್ವರದಲ್ಲಿ ಪೊರೆಗೆ ಗಾಳಿಯ ಹಿಡಿತ ತಪ್ಪುವುದರಿಂದ ಅಲ್ಲಿ ಬಲಪ್ರಯೋಗ ಸಲ್ಲದು.

ಮಂದ್ರದ ಮರ್ಯಾದೆ

ಪೆಟ್ಟಿಗೆ ದೊಡ್ಡದಾದಷ್ಟೂ, ವಿದ್ಯುತ್ತು ಹೆಚ್ಚಾದಷ್ಟೂ ಸಂಗೀತ ಹೆಚ್ಚೆಂಬ ಭ್ರಮೆ ಇಂದು ಉತ್ಸವಗಳಲ್ಲಿ ಬೆಳೆದಿದೆ. ಶಕ್ತಿಯನ್ನು ಹತ್ತು ಪಟ್ಟು ಮಾಡಿದರೂ ಕಿವಿಗೆ ಧ್ವನಿ ಎರಡು ಪಟ್ಟಾದಂತೆ ತೋರುವುದಷ್ಟೇ. ಆದರೆ ಹಾನಿ ಅಷ್ಟಕ್ಕೇ ನಿಲ್ಲುವುದಿಲ್ಲ. ಪ್ರಬಲವಾದ ತಗ್ಗಿನ ನಾದ ತನಗಿಂತ ಮೇಲಿನ ಸೂಕ್ಷ್ಮನಾದಗಳನ್ನು ಮುಚ್ಚಿಹಾಕುವುದು ಕಿವಿಯ ಸ್ವಭಾವ. ಕನ್ನಡದ ಸ್ವರಾಕ್ಷರಗಳು ಹೇಗೋ ಉಳಿದುಕೊಂಡಾವು. ಸ-ಶಗಳ ಭೇದ, ತ-ಟಗಳ ಭೇದ, ಒತ್ತಕ್ಷರಗಳ ಸ್ಪಷ್ಟತೆಯೇ ಮೊದಲು ಮುಳುಗುವುದು. ಸಾಹಿತ್ಯ ಕೇಳಿಸದ ಮೇಲೆ ಹಾಡುವವನು ಯಾವ ಕವಿಯನ್ನು ಹಾಡಿದರೇನು?

ಅಲ್ಲದೆ ತಗ್ಗಿನ ನಾದವನ್ನು ಹೆಂಚಿನ ಮಾಡಾಗಲಿ ಇಟ್ಟಿಗೆಯ ಗೋಡೆಯಾಗಲಿ ಸುಲಭವಾಗಿ ತಡೆಯಲಾರದು. ಪರೀಕ್ಷೆಗೆ ಓದುವ ಬಾಲಕನನ್ನೂ ಹಾಸಿಗೆ ಹಿಡಿದ ವೃದ್ಧರನ್ನೂ ಅದು ಮುಟ್ಟುತ್ತದೆ. 2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನ ಧ್ವನಿವರ್ಧಕಕ್ಕೆ ವಿಧಿಸಿದ ನಿರ್ಬಂಧದ ಹಿಂದೆ ಇರುವುದು ನೆರೆಯವನ ನಿದ್ರೆಯ ಮೇಲಿನ ಗೌರವವೇ.

ಅಳತೆಯರಿತು ಮಾಡಿದ ಒಂದು ಸಣ್ಣ ಪೆಟ್ಟಿಗೆ ಅಳತೆಯಿಲ್ಲದ ನಾಲ್ಕು ಪೆಟ್ಟಿಗೆಗಳಿಗಿಂತ ಸಭೆಗೆ ಹೆಚ್ಚು ಉಪಕಾರಿ. ಪ್ರೌಢಶಾಲೆಯ ವಿದ್ಯಾರ್ಥಿಗಳು ಅಧ್ಯಾಪಕರ ಮಾರ್ಗದರ್ಶನದಲ್ಲಿ, ಊರಿನ ಬಡಗಿಯೊಬ್ಬರನ್ನು ಗುರುವಾಗಿ ಬರಮಾಡಿಕೊಂಡು ಇಂಥದೊಂದನ್ನು ನಿರ್ಮಿಸಿದರೆ ಗಣಿತದ ಘನಫಲ, ವಿಜ್ಞಾನದ ಅನುರಣನ, ಸಂಗೀತದ ಶ್ರುತಿ, ಕೈಗೆಲಸದ ಶಿಸ್ತು ಈ ನಾಲ್ಕೂ ಒಂದೇ ಮೇಜಿನ ಮೇಲೆ ದೊರೆಯುತ್ತವೆ. ಇಂಥ ಕಾರ್ಯಾಗಾರಕ್ಕೆ ಒಂದು ಹಾಳೆ ಪ್ಲೈವುಡ್ಡನ್ನೋ ಒಂದು ಸ್ಪೀಕರನ್ನೋ ಒದಗಿಸುವ ದಾನಿಯ ದಾನ ಸಾರ್ಥಕ. ಮಂದ್ರವು ಸಂಗೀತಸೌಧದ ತಳಪಾಯ. ತಳಪಾಯ ನೆಲದಡಿಯಲ್ಲಿದ್ದು ಮನೆಯನ್ನು ಹೊರಬೇಕಲ್ಲದೆ, ಮೇಲೆದ್ದು ಮನೆಯನ್ನೇ ಮರೆಮಾಡಬಾರದು.