ಚಲಚ್ಚಿತ್ರಕ್ಕೊಂದು ಹಗೇವು

ಹಾವೇರಿ ಸೀಮೆಯ ಒಕ್ಕಲುತನವನ್ನು ಬಲ್ಲವರಿಗೆ ಹಗೇವು ಎಂಬುದು ಹೊಸ ಮಾತಲ್ಲ. ನೆಲದಲ್ಲಿ ಆಳವಾದ ಗುಂಡಿ ತೋಡಿ, ಒಳಗೆ ಸುತ್ತಲೂ ಹುಲ್ಲು ಹೊದಿಸಿ, ಜೋಳ ತುಂಬಿ, ಬಾಯಿಗೆ ಚಪ್ಪಡಿಯನ್ನಿಟ್ಟು ಮಣ್ಣು ಮೆತ್ತಿದರೆ ಕಾಳು ವರ್ಷಗಟ್ಟಲೆ ಉಳಿಯುತ್ತಿದ್ದಿತು. ಮುಚ್ಚಿದ ಗುಂಡಿಯಲ್ಲಿ ಕಾಳಿನ ಉಸಿರಾಟದಿಂದ ಆಮ್ಲಜನಕವು ಮುಗಿದುಹೋಗುವುದರಿಂದ ಹುಳುಗಳು ಬಾಳಲು ಆಸ್ಪದವಿರಲಿಲ್ಲ. ಆದರೆ ದಿನನಿತ್ಯದ ರೊಟ್ಟಿಯ ಜೋಳಕ್ಕಾಗಿ ಯಾರೂ ಹಗೇವನ್ನು ತೆರೆಯುತ್ತಿರಲಿಲ್ಲ. ಅದು ಮನೆಯ ಚೀಲದಲ್ಲಿರುತ್ತಿದ್ದಿತು. ಬಿತ್ತನೆಯ ಬೀಜವಾದರೋ ಬೂದಿ ಬೆರೆಸಿದ ಬೇರೊಂದು ಗಡಿಗೆಯಲ್ಲಿ. ಮೂರು ಪ್ರಯೋಜನ, ಮೂರು ಸ್ಥಳ. ಈ ವಿವೇಕವೇ ಇಂದು ವಿಡಿಯೋ ತಯಾರಿಸುವವರಿಗೂ ಬೇಕಾಗಿದೆ.

ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳ ಸ್ಟುಡಿಯೋಗಳಲ್ಲಿ ಮದುವೆ, ಜಾತ್ರೆ, ದೊಡ್ಡಾಟ, ಭಜನೆಗಳ ಚಿತ್ರೀಕರಣ ನಡೆಯುತ್ತದೆ. ಇದೇ ಜಿಲ್ಲೆಯ ಗೊಟಗೋಡಿಯಲ್ಲಿ, ೨೦೧೧ರಲ್ಲಿ ಸ್ಥಾಪಿತವಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವಿದೆ. ಇಲ್ಲಿಯ ಹಾಡು ಕುಣಿತಗಳು ಅಧ್ಯಯನದ ವಿಷಯಗಳಾಗಿವೆ. ಮುಪ್ಪಿನ ಕಲಾವಿದನೊಬ್ಬನ ಕೊನೆಯ ಆಟದ ಚಿತ್ರವು ಅಳಿಸಿಹೋದರೆ ಅದನ್ನು ಮತ್ತೆ ತೆಗೆಯುವುದೆಂತು? ನಮ್ಮ ನಾಡಿಗೆ ಈ ನಷ್ಟದ ಅನುಭವವುಂಟು. ೧೯೩೪ರಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ದ ಒಂದು ಪ್ರತಿಯೂ ಇಂದು ಉಳಿದಿಲ್ಲ.

ಎಷ್ಟು ಸ್ಥಳ ಬೇಕು?

ಪೆಟ್ಟಿಗೆಯನ್ನು ಕೊಳ್ಳುವ ಮೊದಲು ಲೆಕ್ಕ ಹಾಕಬೇಕು. ೪ಕೆ ಚಿತ್ರವನ್ನು ಕ್ಯಾಮೆರಾವು ಸೆಕೆಂಡಿಗೆ ೧೦೦ ಮೆಗಾಬಿಟ್ ವೇಗದಲ್ಲಿ ಬರೆಯುತ್ತದೆಂದು ಇಟ್ಟುಕೊಳ್ಳೋಣ. ಎಂಟು ಬಿಟ್ಟುಗಳಿಗೆ ಒಂದು ಬೈಟು. ಆದುದರಿಂದ ಸೆಕೆಂಡಿಗೆ ೧೨.೫ ಮೆಗಾಬೈಟು, ಗಂಟೆಗೆ ೪೫ ಗಿಗಾಬೈಟು. ಎರಡು ಕ್ಯಾಮೆರಾಗಳು ತಲಾ ಐದು ಗಂಟೆ ನಡೆದರೆ ಒಂದು ಮದುವೆಗೆ ೪೫೦ ಗಿಗಾಬೈಟು. ವರ್ಷಕ್ಕೆ ಮೂವತ್ತು ಮದುವೆಗಳಾದರೆ ಹದಿಮೂರೂವರೆ ಟೆರಾಬೈಟು. ೧೯೫೬ರಲ್ಲಿ ಐಬಿಎಂ ಸಂಸ್ಥೆಯು ಹೊರತಂದ ಮೊದಲ ಡಿಸ್ಕ್ ಯಂತ್ರವು ಐವತ್ತು ತಟ್ಟೆಗಳಲ್ಲಿ ಸುಮಾರು ಐವತ್ತು ಲಕ್ಷ ಅಕ್ಷರಗಳನ್ನು ಹಿಡಿಯುತ್ತಿದ್ದಿತು. ನಮ್ಮ ಕ್ಯಾಮೆರಾ ಅಷ್ಟನ್ನು ಅರ್ಧ ಸೆಕೆಂಡಿನೊಳಗೇ ತುಂಬಿಬಿಡುತ್ತದೆ!

ಬೆಳೆಯುವ ಪೆಟ್ಟಿಗೆ

ಪ್ರತಿ ವರ್ಷವೂ ಹೀಗೆ ಬೆಳೆಯುವ ರಾಶಿಗೆ ಬಿಡಿಬಿಡಿ ಡಿಸ್ಕುಗಳು ಸಾಲವು. ಯಾವ ಚಿತ್ರ ಯಾವುದರಲ್ಲಿದೆಯೆಂಬುದೇ ಮರೆತುಹೋಗುವುದು. ಆದುದರಿಂದ ಹಲವು ಡಿಸ್ಕುಗಳನ್ನು ಒಂದಾಗಿ ನಡೆಸುವ ಪೆಟ್ಟಿಗೆಗಳು ಬಂದಿವೆ. ಇದರ ಹಿಂದಿನ ‘ರೇಡ್’ ಎಂಬ ಪದ್ಧತಿಗೆ ಹೆಸರಿಟ್ಟು ವಿವರಿಸಿದ ಪ್ರಬಂಧವನ್ನು ಬರ್ಕ್ಲಿಯ ಪ್ಯಾಟರ್‌ಸನ್, ಗಿಬ್ಸನ್, ಕಾಟ್ಜ್ ಎಂಬ ಮೂವರು ೧೯೮೮ರಲ್ಲಿ ಪ್ರಕಟಿಸಿದರು.

ಅದರ ತತ್ತ್ವ ಸರಳವಾದುದು. ಮೂರು ಪಾಟಿಗಳ ಮೇಲೆ ೫, ೨, ೬ ಎಂದು ಬರೆದು, ನಾಲ್ಕನೆಯದರ ಮೇಲೆ ಅವುಗಳ ಮೊತ್ತವಾದ ೧೩ನ್ನು ಬರೆಯಿರಿ. ಎರಡನೆಯ ಪಾಟಿ ಒಡೆದುಹೋಯಿತೆನ್ನಿ. ಹದಿಮೂರರಿಂದ ಐದನ್ನೂ ಆರನ್ನೂ ಕಳೆದರೆ ಕಳೆದುಹೋದ ಎರಡು ಮರಳಿ ದೊರೆಯುವುದು. ಯಂತ್ರವು ಮೊತ್ತದ ಬದಲು ಬಿಟ್ಟುಗಳ ಸರಿ-ಬೆಸವನ್ನು ಬಳಸುತ್ತದೆ, ಮತ್ತು ಆ ಗುರುತನ್ನು ಎಲ್ಲ ಡಿಸ್ಕುಗಳಲ್ಲಿಯೂ ಹಂಚಿಡುತ್ತದೆ, ಭೇದ ಇಷ್ಟೆ. ೮ ಟೆರಾಬೈಟಿನ ನಾಲ್ಕು ಡಿಸ್ಕುಗಳಿದ್ದರೆ ಒಂದರಷ್ಟು ಸ್ಥಳ ಈ ಕಾವಲಿಗೆ ಹೋಗಿ ೨೪ ಟೆರಾಬೈಟು ಉಳಿಯುವುದು. ಇದು ‘ರೇಡ್ ೫’. ಎರಡು ಡಿಸ್ಕುಗಳು ಕೆಟ್ಟರೂ ತಾಳುವ ‘ರೇಡ್ ೬’ರಲ್ಲಿ ೧೬ ಟೆರಾಬೈಟು ಮಾತ್ರ.

ಕೊಳ್ಳುವಾಗ ಖಾಲಿ ಗೂಡುಗಳಿರುವ ಪೆಟ್ಟಿಗೆಯನ್ನೇ ಆರಿಸುವುದು ಲೇಸು. ಇಂದು ನಾಲ್ಕು ಡಿಸ್ಕುಗಳು ಸಾಕಾದರೂ ಆರು ಅಥವಾ ಎಂಟು ಗೂಡುಗಳಿದ್ದರೆ ಬೇಕಾದಾಗ ಸೇರಿಸಬಹುದು. ಆದರೆ ಸಾಮಾನ್ಯ ರೇಡಿನಲ್ಲಿ ಅತಿ ಚಿಕ್ಕ ಡಿಸ್ಕಿನ ಅಳತೆಯೇ ಎಲ್ಲಕ್ಕೂ ಅಳತೆಯಾಗುವುದೆಂಬುದನ್ನು ನೆನಪಿಡಬೇಕು. ಹೊಸದು ದೊಡ್ಡದಾದರೆ ಹೆಚ್ಚಿನ ಭಾಗ ಬರಿದೇ ಬಿದ್ದಿರುವುದು, ಚಿಕ್ಕದಾದರೆ ಕೂಡಿಕೊಳ್ಳಲಾರದು. ಇನ್ನು, ಕೆಟ್ಟ ಡಿಸ್ಕಿನ ಬದಲಿಗೆ ಹೊಸದನ್ನಿಟ್ಟಾಗ ಅದನ್ನು ತುಂಬಲು ಸೆಕೆಂಡಿಗೆ ೧೫೦ ಮೆಗಾಬೈಟಿನಂತೆ ೮ ಟೆರಾಬೈಟಿಗೆ ಸುಮಾರು ಹದಿನೈದು ಗಂಟೆ ಹಿಡಿಯುವುದು. ರೇಡ್ ೫ರಲ್ಲಿ ಆ ಹೊತ್ತಿನಲ್ಲಿ ಮತ್ತೊಂದು ಡಿಸ್ಕು ಕೆಟ್ಟರೆ ಎಲ್ಲವೂ ಹೋಯಿತು. ನಡುವೆ ವಿದ್ಯುತ್ತು ನಿಂತರೂ ಅಪಾಯವುಂಟು. ಆದುದರಿಂದ ಯುಪಿಎಸ್ ಅತ್ಯಗತ್ಯ.

ಕಾವಲು ಬೇರೆ, ಪ್ರತಿ ಬೇರೆ

ರೇಡ್ ಇದ್ದರೆ ಬ್ಯಾಕಪ್ ಬೇಡವೆಂಬ ತಪ್ಪು ತಿಳಿವಳಿಕೆ ಬಹಳ ಜನರಲ್ಲಿದೆ. ಕಡತವನ್ನು ನಾವೇ ಕೈತಪ್ಪಿ ಅಳಿಸಿದರೆ ರೇಡ್ ಅದನ್ನು ನಿಷ್ಠೆಯಿಂದ ಅಳಿಸುತ್ತದೆ! ಕಳ್ಳತನ, ಬೆಂಕಿ, ವೈರಸ್ಸುಗಳಿಗೂ ಅದು ಮದ್ದಲ್ಲ. ೨೦೧೯ರ ಆಗಸ್ಟಿನಲ್ಲಿ ಹಾವೇರಿ ಜಿಲ್ಲೆಯು ನೆರೆಯನ್ನು ಕಂಡಿತು. ನೀರು ಹೊಕ್ಕ ಕೋಣೆಯಲ್ಲಿ ನಾಲ್ಕು ಡಿಸ್ಕುಗಳಿದ್ದರೇನು, ನಲವತ್ತಿದ್ದರೇನು?

ಛಾಯಾಗ್ರಾಹಕ ಪೀಟರ್ ಕ್ರೋಗ್ ಪ್ರಚಾರಕ್ಕೆ ತಂದ ‘೩-೨-೧’ ಎಂಬ ಸೂತ್ರವನ್ನು ಇಲ್ಲಿ ಪಾಲಿಸಬೇಕು. ಪ್ರತಿಗಳು ಮೂರು, ಅವು ಇರುವ ಸಾಧನಗಳು ಎರಡು ಬಗೆಯವು, ಒಂದು ಪ್ರತಿ ಬೇರೆಡೆ. ಹಾವೇರಿಯ ಸ್ಟುಡಿಯೋದವರು ಮೂರನೆಯ ಪ್ರತಿಯನ್ನು ರಾಣೆಬೆನ್ನೂರಿನ ಬೀಗರ ಮನೆಯ ಕಪಾಟಿನಲ್ಲಿಟ್ಟರೂ ಸೂತ್ರವು ಸಲ್ಲುವುದು. ಅಂತರಜಾಲದ ಭಂಡಾರಕ್ಕೂ ಕಳುಹಬಹುದು; ಆದರೆ ಸೆಕೆಂಡಿಗೆ ೨೦ ಮೆಗಾಬಿಟ್ ವೇಗದಲ್ಲಿ ಒಂದು ಮದುವೆಯನ್ನು ಏರಿಸಲು ಐವತ್ತು ಗಂಟೆ ಬೇಕು. ಆದುದರಿಂದ ಸಿದ್ಧವಾದ ಚಿತ್ರವನ್ನು ಮಾತ್ರ ಜಾಲಕ್ಕೆ, ಮೂಲದ ರಾಶಿಯನ್ನು ಡಿಸ್ಕಿನಲ್ಲಿ ಬಸ್ಸಿಗೆ ಎಂಬುದು ಯುಕ್ತವಾದ ಏರ್ಪಾಡು.

ಹಗೇವಿಗೆ ಯಾವುದು?

ಕೆಲಸ ಮುಗಿದ ಚಿತ್ರಗಳು ಪೆಟ್ಟಿಗೆಯಿಂದ ಹಗೇವಿಗೆ ಹೋಗಬೇಕು. ಚಲಿಸುವ ಭಾಗಗಳಿಲ್ಲದ ಎಸ್‌ಎಸ್‌ಡಿ ಕೆಲಸಕ್ಕೆ ಚುರುಕು. ಆದರೆ ಅದು ಮಾಹಿತಿಯನ್ನು ವಿದ್ಯುದಂಶವಾಗಿ ಹಿಡಿದಿಡುವುದರಿಂದ, ವಿದ್ಯುತ್ತಿಲ್ಲದೆ ವರ್ಷಗಟ್ಟಲೆ ಇಟ್ಟರೆ ಆ ಅಂಶವು ಸೋರಿಹೋಗಬಹುದು. ಹಾರ್ಡ್ ಡಿಸ್ಕ್ ಅಗ್ಗ, ಆದರೆ ತಿರುಗುವ ಯಂತ್ರ. ವರ್ಷಕ್ಕೊಮ್ಮೆಯಾದರೂ ನಡೆಸಿ ನೋಡಬೇಕು, ಕೆಲವು ವರ್ಷಗಳಿಗೊಮ್ಮೆ ಹೊಸದಕ್ಕೆ ಪ್ರತಿ ಮಾಡಬೇಕು. ದೀರ್ಘಕಾಲಕ್ಕೆ ಎಲ್‌ಟಿಓ ಎಂಬ ಕಾಂತೀಯ ಟೇಪು ಉತ್ತಮ. ತಕ್ಕ ಶೈತ್ಯ, ಶುಷ್ಕತೆಗಳಲ್ಲಿ ಇದು ಮೂವತ್ತು ವರ್ಷ ಉಳಿಯುವುದೆಂದು ತಯಾರಕರ ಎಣಿಕೆ. ೨೦೧೭ರಲ್ಲಿ ಬಂದ ಎಂಟನೆಯ ಪೀಳಿಗೆಯ ಒಂದು ಟೇಪು ೧೨ ಟೆರಾಬೈಟನ್ನು ಹಿಡಿಯುತ್ತದೆ. ಆದರೆ ಟೇಪಿನ ಯಂತ್ರಕ್ಕೆ ಲಕ್ಷಗಳ ಬೆಲೆ. ಮೇಲಾಗಿ ಎಂಟನೆಯ ಪೀಳಿಗೆಯ ಯಂತ್ರವು ಆರನೆಯ ಪೀಳಿಗೆಯ ಟೇಪನ್ನು ಓದಲಾರದು. ಟೇಪು ಉಳಿದು ಯಂತ್ರ ಅಳಿದರೆ ಬೀಗವುಂಟು, ಕೀಲಿಯಿಲ್ಲ ಎಂಬಂತಾಗುವುದು. ಮೂರು ಊರುಗಳ ಸ್ಟುಡಿಯೋಗಳು ಸಹಕಾರದಿಂದ ಒಂದು ಯಂತ್ರವನ್ನು ಕೊಂಡರೆ ಭಾರ ಹಗುರವಾದೀತು.

ಬ್ಯಾಡಗಿಯ ಮೆಣಸಿನಕಾಯಿಯ ಬಣ್ಣ ಕೆಡದಂತೆ ಶೀತಲಗೃಹಗಳಲ್ಲಿ ಇಡುವುದುಂಟು. ಟೇಪು ಡಿಸ್ಕುಗಳನ್ನು ಹಾಗೆ ಇಡಲಾಗದು. ತಣ್ಣಗಿನಿಂದ ಹೊರತೆಗೆದೊಡನೆ ಅವುಗಳ ಮೇಲೆ ನೀರು ಹನಿಗಟ್ಟುವುದು. ೧೬ರಿಂದ ೨೫ ಡಿಗ್ರಿ ಸೆಲ್ಸಿಯಸ್ ಉಷ್ಣತೆ, ಧೂಳಿಲ್ಲದ ಒಣಗಾಳಿ ಸಾಕು.

ಪರೀಕ್ಷಿಸದ ಪ್ರತಿ ಪ್ರತಿಯಲ್ಲ

೧೯೯೮ರಲ್ಲಿ ಅಮೆರಿಕದ ಪಿಕ್ಸಾರ್ ಸಂಸ್ಥೆಯಲ್ಲಿ ತಯಾರಾಗುತ್ತಿದ್ದ ‘ಟಾಯ್ ಸ್ಟೋರಿ ೨’ ಚಿತ್ರದ ಕಡತಗಳು ಒಂದು ತಪ್ಪು ಆಜ್ಞೆಯಿಂದ ಅಳಿಸಿಹೋದವು. ಬ್ಯಾಕಪ್ ತೆರೆದು ನೋಡಿದರೆ ಅದು ಸರಿಯಾಗಿ ದಾಖಲಾಗುತ್ತಲೇ ಇರಲಿಲ್ಲ! ಹಸುಗೂಸಿನ ಕಾರಣ ಮನೆಯಿಂದ ಕೆಲಸ ಮಾಡುತ್ತಿದ್ದ ಗ್ಯಾಲಿನ್ ಸಸ್‌ಮನ್ ಎಂಬಾಕೆಯ ಮನೆಯ ಕಂಪ್ಯೂಟರಿನಲ್ಲಿದ್ದ ಪ್ರತಿಯು ಚಿತ್ರವನ್ನು ಉಳಿಸಿತು. ಆ ಅದೃಷ್ಟವು ಎಲ್ಲರಿಗೂ ಇರದು.

ಪ್ರತಿ ಕಡತಕ್ಕೂ ‘ಚೆಕ್‌ಸಮ್’ ಎಂಬ ಬೆರಳಚ್ಚಿನಂತಹ ಅಂಕಿಯನ್ನು ಗಣಿಸಿಡಬಹುದು. ಒಂದು ಬಿಟ್ಟು ಬದಲಾದರೂ ಅಂಕಿ ಬದಲಾಗುವುದರಿಂದ ಕೆಟ್ಟ ಕಡತವು ಕೂಡಲೇ ಪತ್ತೆಯಾಗುವುದು. ತಿಂಗಳಿಗೊಮ್ಮೆ ಯಾವುದಾದರೊಂದು ಹಳೆಯ ಚಿತ್ರವನ್ನು ಬ್ಯಾಕಪ್ಪಿನಿಂದ ತೆಗೆದು ನಡೆಸಿ ನೋಡಬೇಕು. ಯಾವ ಡಿಸ್ಕಿನಲ್ಲಿ ಏನಿದೆ ಎಂಬುದನ್ನು ದಿನಾಂಕಸಹಿತ ಕಾಗದದ ವಹಿಯಲ್ಲಿಯೂ ಬರೆದಿಡಬೇಕು. ಎರಡೂ ಪ್ರತಿಗಳು ಸರಿಯಿವೆಯೆಂದು ಖಚಿತವಾಗುವವರೆಗೆ ಕ್ಯಾಮೆರಾದ ಮೆಮರಿ ಕಾರ್ಡನ್ನು ಅಳಿಸಲಾಗದು.

ಹಣವು ಅಲ್ಪವಾಗಿದ್ದರೆ ಮೊದಲು ಎರಡು ಬಿಡಿ ಡಿಸ್ಕುಗಳನ್ನು ಕೊಂಡು ಒಂದನ್ನು ಬೇರೆ ಊರಿನಲ್ಲಿಡಿರಿ, ಬೆಳೆಯುವ ಪೆಟ್ಟಿಗೆಯು ಆಮೇಲೆ ಬರಲಿ, ಟೇಪು ಕೊನೆಗೆ. ಬೀಜದ ಗಡಿಗೆಯನ್ನು ಭದ್ರಪಡಿಸಿದ ಮೇಲಲ್ಲವೇ ಒಕ್ಕಲಿಗನು ಕಣಜವನ್ನು ಹಿಗ್ಗಿಸುವುದು?