ಮುನ್ನೂರನೆಯ ಶಾಸನ ಇಲ್ಲದ ಸಂಪುಟ

ಕನ್ನಡ ಮತ್ತು ಇತಿಹಾಸ ವಿಭಾಗಗಳ ಸಂಶೋಧನಾ ಪ್ರಬಂಧಗಳನ್ನು ತಿದ್ದುವ ಕೆಲಸ ಮಾಡುತ್ತಾ ಬಂದ ನನಗೆ ಕಣ್ಣು ಮೊದಲು ಹೋಗುವುದು ಪುಟದ ಅಡಿಗೆ. ವಿದ್ಯಾರ್ಥಿಗಳು ಕೇಳುವುದು ಮಾತ್ರ ಬೇರೆ: ಎಂಎಲ್‌ಎ ಶೈಲಿಯೋ ಎಪಿಎ ಶೈಲಿಯೋ, ಇಸವಿ ಕಂಸದ ಒಳಗೋ ಹೊರಗೋ? ಯಾವುದಾದರೂ ಆಗಲಿ, ಮೊದಲಿಂದ ಕೊನೆಯವರೆಗೆ ಒಂದೇ ಇರಲಿ. ಕುವೆಂಪು ಎಂದು ಒಂದು ಕಡೆ, ಪುಟ್ಟಪ್ಪ ಕೆ.ವಿ. ಎಂದು ಇನ್ನೊಂದು ಕಡೆ ಬರೆದು ಗ್ರಂಥಸೂಚಿಯಲ್ಲಿ ಒಬ್ಬರನ್ನು ಇಬ್ಬರು ಮಾಡದಿದ್ದರೆ ಸಾಕು. ನಿಜವಾದ ಪ್ರಶ್ನೆ ಯಾರೂ ಕೇಳದೆ ಉಳಿದಿದೆ: ಅಡಿಟಿಪ್ಪಣಿಯಲ್ಲಿ ಹೆಸರಿಸಿದ ಪುಸ್ತಕವನ್ನು ಬರೆದವರು ತೆರೆದು ನೋಡಿದ್ದಾರೆಯೇ? ಕಾಣದ ಆಕರವನ್ನು ಕಂಡಂತೆ ತೋರಿಸುವುದು ಕದ್ದು ಬರೆದಷ್ಟೇ ದೊಡ್ಡ ತಪ್ಪು ಎಂಬುದು ನನ್ನ ವಾದ. ಕದ್ದದ್ದನ್ನು ಹಿಡಿಯಲು ನಿಯಮವಾದರೂ ಇದೆ, ಇದಕ್ಕೆ ಅದೂ ಇಲ್ಲ.

ಶ್ರವಣಬೆಳಗೊಳದ ಶಾಸನಗಳನ್ನೇ ತೆಗೆದುಕೊಳ್ಳಿ. ಬಿ.ಎಲ್. ರೈಸ್ 1889ರಲ್ಲಿ ಅವನ್ನು ಪ್ರಕಟಿಸಿದಾಗ ಸಂಪುಟದಲ್ಲಿದ್ದವು 144 ಶಾಸನಗಳು. ಆರ್. ನರಸಿಂಹಾಚಾರ್ 1923ರಲ್ಲಿ ಪರಿಷ್ಕರಿಸಿದಾಗ ಅವು 500 ಆದವು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1973ರಲ್ಲಿ ತಂದ ಆವೃತ್ತಿಯಲ್ಲಿ 573. ಮೂರನ್ನೂ ನಾವು ಕರೆಯುವುದು ಎಪಿಗ್ರಾಫಿಯಾ ಕರ್ನಾಟಿಕಾ (ಎ.ಕ.) ಶಾಸನಮಾಲೆಯ ಎರಡನೆಯ ಸಂಪುಟ ಎಂದೇ. ಹಾಗಿರುವಾಗ ಬರಿ ‘ಎ.ಕ. 2, ಸಂಖ್ಯೆ 120’ ಎಂದು ಬರೆದರೆ ಓದುವವನು ಯಾವ ಕಲ್ಲಿನ ಮುಂದೆ ನಿಲ್ಲಬೇಕು? ‘ರೈಸ್, 1889, ಸಂಖ್ಯೆ 300’ ಎಂದು ಬರೆದರಂತೂ ಬರೆದವರೇ ಸಿಕ್ಕಿಬಿದ್ದಂತೆ. ಆ ಸಂಪುಟದಲ್ಲಿ ಮುನ್ನೂರನೆಯ ಶಾಸನವೇ ಇಲ್ಲ. ಸಂಖ್ಯೆಯನ್ನು ಒಂದು ಪುಸ್ತಕದಿಂದ, ಹೆಸರನ್ನೂ ಇಸವಿಯನ್ನೂ ಇನ್ನೊಂದರಿಂದ ತಂದು ಹೊಲಿದಿದ್ದಾರೆ, ಅಷ್ಟೆ. ಐದನೆಯ ಸಂಪುಟದ ಪಾಡು ಇನ್ನೂ ತೊಡಕಿನದು. ರೈಸ್ ಅವರ ಐದನೆಯದು ಹಾಸನ ಜಿಲ್ಲೆಯದಾದರೆ ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಮಾಲೆಯ ಐದನೆಯದು ಮೈಸೂರು ಜಿಲ್ಲೆಯ ತಾಲ್ಲೂಕುಗಳದು. ಅದರಲ್ಲಿ ಬೇಲೂರಿನ ಶಾಸನ ಬೇಕೆಂದರೆ ಒಂಬತ್ತನೆಯ ಸಂಪುಟಕ್ಕೆ ಹೋಗಬೇಕು. ಆವೃತ್ತಿ ಹೇಳದ ಟಿಪ್ಪಣಿ ಹೊಯ್ಸಳರನ್ನು ಹುಡುಕಿ ಹೊರಟವನನ್ನು ಬೇರೆ ಜಿಲ್ಲೆಗೇ ಕಳಿಸಿಬಿಡುತ್ತದೆ.

ಇದರ ಬೆಲೆ ತೆರಬೇಕಾಗಿ ಬರುವುದು ಮೌಖಿಕ ಪರೀಕ್ಷೆಯಲ್ಲಿ. ಅಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಸಿದ್ಧಾಂತದ ಬಗ್ಗೆ ಕೇಳಿದರೆ ಅಭ್ಯರ್ಥಿ ಏನಾದರೂ ಹೇಳಿ ಪಾರಾಗಬಹುದು. ‘ಈ ಶಾಸನದ ಹಿಂದುಮುಂದಿನ ಸಾಲುಗಳಲ್ಲಿ ಏನಿದೆ?’ ಎಂದು ಕೇಳಿದರೆ ಪಾರಾಗಲು ದಾರಿಯಿಲ್ಲ. ಉದ್ಧರಿಸಿದ ಎರಡು ಸಾಲಿನ ಆಚೆಗೆ ದತ್ತಿ ಕೊಟ್ಟವರು ಯಾರು, ತಿಥಿ ಯಾವುದು, ಕಲ್ಲು ಎಲ್ಲಿ ಒಡೆದು ಪಾಠ ತುಂಡಾಗಿದೆ ಎಂಬುದು ಒಂದೂ ಗೊತ್ತಿರುವುದಿಲ್ಲ. ಯಾರದೋ ಲೇಖನದಿಂದ ಎತ್ತಿಕೊಂಡ ಆ ಎರಡು ಸಾಲಿನ ಮೇಲೆ ಒಂದು ಅಧ್ಯಾಯವೇ ನಿಂತಿರುತ್ತದೆ. ಮೊದಲು ಎತ್ತಿದವರು ಅಕ್ಷರ ತಪ್ಪಾಗಿ ಓದಿದ್ದರೆ ಅಧ್ಯಾಯವೂ ತಪ್ಪು. ಮಾರ್ಗದರ್ಶಕರು ಆಗ ಕಿಟಕಿಯ ಕಡೆ ನೋಡುತ್ತಾರೆ. ಈ ಗತಿಗೆ ಅರ್ಧ ಹೊಣೆ ಅವರದೇ ಎನ್ನಲು ನನಗೆ ಸಂಕೋಚವಿಲ್ಲ. ಅಲ್ಪವಿರಾಮ ಎಣಿಸುವ ಗೈಡುಗಳು ಬೇಕಷ್ಟಿದ್ದಾರೆ, ‘ಆ ಸಂಪುಟ ತಂದು ತೋರಿಸಪ್ಪ’ ಎನ್ನುವವರು ವಿರಳ.

ಸಾಫ್ಟ್‌ವೇರ್ ಇದೆಯಲ್ಲ ಎನ್ನುವವರಿದ್ದಾರೆ. ಯುಜಿಸಿಯ 2018ರ ನಿಯಮಾವಳಿಯಂತೆ ಶೇ. 10ರವರೆಗಿನ ಸಾಮ್ಯಕ್ಕೆ ದಂಡವಿಲ್ಲ. 40 ದಾಟಿದರೆ ಒಂದು ವರ್ಷ ಮರುಸಲ್ಲಿಕೆಗೆ ತಡೆ, 60 ದಾಟಿದರೆ ನೋಂದಣಿಯೇ ರದ್ದು. ಅಳತೆ ಒಳ್ಳೆಯದೇ, ಆದರೆ ಅದು ಅಳೆಯುವುದು ಪದಗಳ ಹೋಲಿಕೆಯನ್ನು. ಪ್ರಬಂಧದ ಗ್ರಂಥಸೂಚಿಯನ್ನು ಆ ಲೆಕ್ಕದಿಂದ ನಿಯಮವೇ ಹೊರಗಿಡುತ್ತದೆ, ಅಂದರೆ ಸುಳ್ಳು ತುಂಬಿಕೊಳ್ಳುವ ಜಾಗಕ್ಕೇ ತಪಾಸಣೆಯಿಲ್ಲ. (ಹಳೆಯ ನುಡಿ ಫಾಂಟಿನಲ್ಲಿ ಟೈಪಾದ ಪ್ರಬಂಧವನ್ನು ಯೂನಿಕೋಡಿಗೆ ಬದಲಾಯಿಸದೆ ಹೋಲಿಸಿದರೆ ಪದಗಳೂ ತಾಳೆಯಾಗವು, ಕನ್ನಡದ ಮಟ್ಟಿಗೆ ಶೇಕಡಾವಾರು ನೋಡಿ ನೆಮ್ಮದಿಯಿಂದ ಇರುವುದು ಕಷ್ಟ.)

ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಸಣ್ಣ ಊರಿನ ಕಾಲೇಜಿನಲ್ಲಿ ಕೂತವರಿಗೆ ಈ ಸಂಪುಟಗಳು ಎಲ್ಲಿ ಸಿಗಬೇಕು? ಸಿಗದಿರಬಹುದು, ಒಪ್ಪಿದೆ. ರೈಸ್ ಅವರ ಹಳೆಯ ಸಂಪುಟಗಳು ಸ್ಕ್ಯಾನ್ ಆಗಿ ಅಂತರ್ಜಾಲದಲ್ಲಿ ಇವೆ, ಪರಿಷ್ಕೃತ ಸಂಪುಟಗಳಿಗೆ ದೊಡ್ಡ ಗ್ರಂಥಾಲಯಕ್ಕೇ ಹೋಗಬೇಕಾದೀತು. ಅದೂ ಆಗದಿದ್ದರೆ ಪ್ರಾಮಾಣಿಕ ದಾರಿಯೊಂದಿದೆ: ತಾನು ಓದಿದ ಲೇಖಕರ ಹೆಸರು, ಪುಟ ಕೊಟ್ಟು ‘ಇವರಲ್ಲಿ ಉದ್ಧೃತ’ ಎಂದು ಬರೆಯುವುದು. ಹಾಗೆ ಬರೆದರೆ ಪ್ರಬಂಧ ಬಡವಾಗಿ ಕಾಣುತ್ತದೆ ಎಂಬ ಅಳುಕು ಹಲವರಿಗಿದೆ. ಬಡವಾಗಿ ಕಾಣುವುದು ನಿಜ. ಆದರೆ ಪರೀಕ್ಷಕರು ಮುಂದೆ ಪ್ರಶ್ನಿಸಬೇಕಾದದ್ದು ಯಾರನ್ನು ಎಂಬುದು ಆಗ ಸ್ಪಷ್ಟವಿರುತ್ತದೆ, ತಪ್ಪಾದ ಪಾಠದ ಹೊರೆ ವಿದ್ಯಾರ್ಥಿಯ ತಲೆಗೆ ಪೂರ್ತಿ ಬೀಳುವುದಿಲ್ಲ.

ವಚನಗಳಿಗೂ ಇದೇ ಮಾತು ಸಲ್ಲುತ್ತದೆ. ‘ಬಸವಣ್ಣ’ ಎಂದಷ್ಟೇ ಬರೆದು ಬಿಡುವ ಟಿಪ್ಪಣಿ ಹೇಳುವುದು ಅಂಕಿತ ನೋಡಿದರೆ ಯಾರಿಗಾದರೂ ತಿಳಿಯುವಷ್ಟನ್ನೇ. ಆವೃತ್ತಿಯಿಂದ ಆವೃತ್ತಿಗೆ ವಚನದ ಸಂಖ್ಯೆ ಬದಲಾಗುತ್ತದೆ, ಕೆಲವೆಡೆ ಪಾಠವೂ. ಹದಿನೈದು ಸಂಪುಟಗಳ ಸಮಗ್ರ ವಚನ ಸಂಪುಟವನ್ನು ಬಳಸಿದ್ದರೆ ಸಂಪುಟ, ಮುದ್ರಣದ ವರ್ಷ, ವಚನ ಸಂಖ್ಯೆ ಮೂರನ್ನೂ ಕೊಡಬೇಕು. ಸಂಪಾದಕರ ಹೆಸರನ್ನು ಬಿಡುವುದು ಎಲ್ಲಕ್ಕಿಂತ ದೊಡ್ಡ ಅನ್ಯಾಯ. ಓಲೆಗರಿಗಳ ಪಾಠಗಳನ್ನು ಹೋಲಿಸಿ ಯಾವುದನ್ನು ಉಳಿಸಬೇಕೆಂದು ತೀರ್ಮಾನಿಸಿದವರು ಅವರು, ವಿದ್ಯಾರ್ಥಿ ವಾದ ಕಟ್ಟುವುದು ಆ ತೀರ್ಮಾನದ ಮೇಲೆಯೇ.