ಪುಟ್ಟ ಬೋರ್ಡಿಗೆ ಗಟ್ಟಿ ಲಿನಕ್ಸ್

ರಾಸ್ಪ್‌ಬೆರಿ ಪೈನಂಥ ಒಂದೇ ಬೋರ್ಡಿನ ಕಂಪ್ಯೂಟರ್ ಸಾಮಾನ್ಯವಾಗಿ ಮೆಮೊರಿ ಕಾರ್ಡಿನಿಂದಲೇ ನಡೆಯುತ್ತದೆ. ಕಾರ್ಡಿಗೆ ಮಾಹಿತಿ ಬರೆಯುತ್ತಿರುವಾಗ ಕರೆಂಟ್ ಹೋದರೆ ಕಡತಗಳು ಕೆಟ್ಟು ಯಂತ್ರ ಶುರುವಾಗದೇ ಹೋಗಬಹುದು. ಬೀದರ್ ಜಿಲ್ಲೆಯ ಘಾಟಬೋರಾಳದಂಥ ಊರಿನ ಶಾಲೆಯಲ್ಲೋ ಪಂಚಾಯಿತಿಯ ಅರಿವು ಕೇಂದ್ರದಲ್ಲೋ ಇದನ್ನು ಇಡುವವರು ಅಂದಚಂದ ನೋಡದೆ, ಬಾಳಿಕೆ ನೋಡಿ ಲಿನಕ್ಸ್ ಆರಿಸಬೇಕು. ಕೆಟ್ಟಾಗಲೆಲ್ಲ ಹುಮನಾಬಾದಿಗೋ ಬಸವಕಲ್ಯಾಣಕ್ಕೋ ಹೊತ್ತೊಯ್ಯುವುದು ಆಗದ ಮಾತು.

ಮೊದಲು ಬೋರ್ಡಿನ ಮೇಲೆ ಅಚ್ಚಾದ ಮಾದರಿಯ ಹೆಸರು ಓದಿಕೊಳ್ಳಬೇಕು. ಪೈ 3, 4, 5ಕ್ಕೆ 64 ಬಿಟ್ ಆವೃತ್ತಿ ಸರಿ. 2012ರ ಮೊದಲ ಪೈಗೆ 32 ಬಿಟ್‌ನ ರಾಸ್ಪ್‌ಬೆರಿ ಪೈ ಓಎಸ್ ಹಾಕಬೇಕು. ಈಗಿನ ಉಬುಂಟು ಅದರಲ್ಲಿ ನಡೆಯುವುದಿಲ್ಲ. ಆರೆಂಜ್ ಪೈ, ಬನಾನಾ ಪೈ ಬೋರ್ಡುಗಳಿಗೆ ಆರ್ಮ್‌ಬಿಯನ್ ನೋಡಬಹುದು, ಆದರೆ ಆ ಮಾದರಿಗೆ ಈಗಲೂ ಬೆಂಬಲವಿದೆಯೇ ಎಂದು ಖಚಿತಪಡಿಸಿಕೊಂಡ ಮೇಲೆ.

ನಂತರದ ಪ್ರಶ್ನೆ: ಭದ್ರತಾ ಅಪ್‌ಡೇಟ್ ಎಲ್ಲಿಯವರೆಗೆ ಬರುತ್ತದೆ? ಡೆಬಿಯನ್‌ನ ಒಂದು ಆವೃತ್ತಿಗೆ 3 ವರ್ಷ ಪೂರ್ಣ ಬೆಂಬಲ, ಮೇಲೆ ಸುಮಾರು 2 ವರ್ಷ ದೀರ್ಘಾವಧಿ ಬೆಂಬಲ. ಡೆಬಿಯನ್ 13 ಬಂದದ್ದು 2025ರ ಆಗಸ್ಟ್‌ನಲ್ಲಿ. ಅದನ್ನೇ ಆಧರಿಸಿದ ರಾಸ್ಪ್‌ಬೆರಿ ಪೈ ಓಎಸ್ ಪೈ ಇರುವವರಿಗೆ ಮೊದಲ ಆಯ್ಕೆ. ಉಬುಂಟು ಬೇಕೆಂದರೆ ದೀರ್ಘಾವಧಿ ಬೆಂಬಲದ (ಎಲ್‌ಟಿಎಸ್) ಆವೃತ್ತಿಯನ್ನೇ ಹಾಕಬೇಕು. ಆರು ತಿಂಗಳಿಗೊಮ್ಮೆ ಬರುವ ನಡುವಿನ ಆವೃತ್ತಿಗಳಿಗೆ ಬೆಂಬಲ 9 ತಿಂಗಳಷ್ಟೇ. ರ‍್ಯಾಮ್ 1 ಜಿಬಿಯೊಳಗಿದ್ದು ಪರದೆ ಬೇಡವಾದರೆ ರಾಸ್ಪ್‌ಬೆರಿ ಪೈ ಓಎಸ್‌ನ ಲೈಟ್ ಆವೃತ್ತಿ ಸಾಕು.

ಕನ್ನಡವನ್ನು ಕೊನೆಗೆ ನೋಡೋಣವೆಂದು ಬಿಡಬಾರದು. ಡೆಬಿಯನ್ ಭಂಡಾರದಲ್ಲಿ ಗುಬ್ಬಿ, ನವಿಲು ಫಾಂಟ್‌ಗಳಿವೆ. ಟೈಪಿಸಲು ಐಬಸ್ ಮತ್ತು ಎಂ17ಎನ್ ಹಾಕಿಕೊಂಡರೆ ಕನ್ನಡ ಗಣಕ ಪರಿಷತ್ತಿನ (ಕೆಜಿಪಿ) ಕೀಲಿಮಣೆ ಸಿಗುತ್ತದೆ. ‘ಕ್ಷೇತ್ರ’, ‘ಸ್ತ್ರೀ’ ಎಂದು ಟೈಪಿಸಿ ಒತ್ತಕ್ಷರ ಸರಿಯಾಗಿ ಮೂಡುವುದನ್ನು ಕಣ್ಣಾರೆ ನೋಡಬೇಕು.

ಕರೆಂಟ್ ಕೈಕೊಡುವಲ್ಲಿ ನಿಜವಾಗಿ ಕಾಯುವುದು ಓವರ್‌ಲೇ ವ್ಯವಸ್ಥೆ. ರಾಸ್ಪ್‌ಬೆರಿ ಪೈ ಓಎಸ್‌ನ ಸಂರಚನಾ ಮೆನುವಿನಲ್ಲಿ ಅದನ್ನು ಚಾಲೂ ಮಾಡಿದರೆ ಬದಲಾವಣೆಗಳೆಲ್ಲ ರ‍್ಯಾಮ್‌ಗೆ ಹೋಗುತ್ತವೆ, ಕಾರ್ಡಿನಲ್ಲಿನ ಲಿನಕ್ಸ್ ಹಾಗೇ ಉಳಿಯುತ್ತದೆ. ಆಫ್ ಆದೊಡನೆ ಆ ಬದಲಾವಣೆ ಅಳಿಸಿಹೋಗುವುದರಿಂದ ಮಕ್ಕಳ ಕೆಲಸವನ್ನು ಪೆನ್‌ಡ್ರೈವ್‌ನಲ್ಲಿ ಉಳಿಸಬೇಕು. ಅಪ್‌ಡೇಟ್ ಮಾಡುವಾಗ ಓವರ್‌ಲೇ ನಿಲ್ಲಿಸಬೇಕು. ಪರದೆಯ ಮೂಲೆಯಲ್ಲಿ ಮಿಂಚಿನ ಗುರುತು ಕಂಡರೆ ದೋಷ ಲಿನಕ್ಸ್‌ನದಲ್ಲ, ಅಡಾಪ್ಟರ್ ಇಲ್ಲವೇ ಕೇಬಲ್‌ನದು. ಪೈ 4ಕ್ಕೆ 5 ವೋಲ್ಟ್ 3 ಆಂಪಿಯರ್, ಪೈ 5ಕ್ಕೆ 5 ಆಂಪಿಯರ್ ಬೇಕು. ಚಿಪ್ಪಿನ ಬಿಸಿ 80 ಡಿಗ್ರಿ ದಾಟಿದರೆ ವೇಗ ತಾನಾಗಿ ಇಳಿಯುತ್ತದೆ. ಬೀದರ್ ಜಿಲ್ಲೆಯ ಬೇಸಿಗೆಗೆ ಹೀಟ್‌ಸಿಂಕ್, ಫ್ಯಾನ್ ಎರಡೂ ಇರಲಿ.

ಎಲ್ಲ ಹೊಂದಿಸಿದ ಮೇಲೆ ಕಾರ್ಡಿನ ಪೂರ್ತಿ ನಕಲನ್ನು ಇನ್ನೊಂದು ಕಾರ್ಡಿಗೆ ಬರೆದು, ಅದರಿಂದ ಬೋರ್ಡ್ ಶುರುವಾಗುವುದನ್ನು ಖಾತ್ರಿ ಮಾಡಿಕೊಂಡು ತೆಗೆದಿಡಬೇಕು.